ಕಪ್ಪೆ ಮೊಟ್ಟೆಯನ್ನು ಕಾಯುವವರು ಯಾರು?

ಬೆಂಗಳೂರಿನಲ್ಲಿ ನಮ್ಮ ಕಣ್ಣಿಗೆ ಬೀಳುವ ಕಪ್ಪೆಗಳಲ್ಲಿ ಹೆಚ್ಚಿನವು ಮಕ್ಕಳನ್ನು ಸಾಕುವುದಿಲ್ಲ. ಮೊಟ್ಟೆ ಇಡುತ್ತವೆ, ಹೊರಟು ಹೋಗುತ್ತವೆ. ಮೇ ತಿಂಗಳಲ್ಲಿ ಒಂದು ಜೋರು ಮಳೆ ಬಿದ್ದ ಮಾರನೇ ದಿನ ಯಾವುದಾದರೂ ಖಾಲಿ ಸೈಟಿನ ಗುಂಡಿಯಲ್ಲಿ ಬಗ್ಗಿ ನೋಡಿ. ಉದ್ದನೆಯ ಲೋಳೆ ದಾರದೊಳಗೆ ಸಾಲಾಗಿ ಕಪ್ಪು ಚುಕ್ಕಿಗಳು ಕಾಣುತ್ತವೆ. ಅದು ನೆಲಗಪ್ಪೆಯ ಮೊಟ್ಟೆ. ಒಂದೊಂದು ಹೆಣ್ಣು ಸಾವಿರಗಟ್ಟಲೆ ಇಟ್ಟಿರುತ್ತದೆ. ಸುತ್ತಮುತ್ತ ಎಷ್ಟು ಹುಡುಕಿದರೂ ಕಾವಲಿಗೆ ಒಂದೂ ದೊಡ್ಡ ಕಪ್ಪೆ ಇರುವುದಿಲ್ಲ.

ನಮ್ಮ ಬೀದಿಯ ಪುಟ್ಟ ಹುಡುಗಿಯೊಬ್ಬಳಿಗೆ ಇದನ್ನು ತೋರಿಸಿದಾಗ ಅವಳು ಕೇಳಿದ ಮೊದಲ ಮಾತು, "ಆಂಟಿ, ಇವುಗಳ ಅಮ್ಮ ಎಲ್ಲಿ?" ಹೋಯ್ತು ಪುಟ್ಟಿ ಅಂದೆ. "ಹಾಗಾದ್ರೆ ಅಪ್ಪ?" ಅಂದಳು. ಎರಡನೇ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಯಾಕೆಂದರೆ ಕಪ್ಪೆಗಳ ಲೋಕದಲ್ಲಿ ಮಕ್ಕಳ ಹತ್ತಿರ ಯಾರಾದರೂ ಉಳಿದುಕೊಂಡಿದ್ದರೆ ಅದು ಅಪ್ಪನೇ ಆಗಿರುವುದು ಅಪರೂಪವೇನಲ್ಲ.

ಪ್ರಾಣಿಗಳು ಮರಿಗಳನ್ನು ನೋಡಿಕೊಳ್ಳುವುದನ್ನು ಕಂಡಾಗ ನಾವು ಸಾಮಾನ್ಯವಾಗಿ ಪ್ರೀತಿಯ ಲೆಕ್ಕದಲ್ಲಿ ಯೋಚಿಸುತ್ತೇವೆ. ಸಾಕುವ ಪ್ರಾಣಿ ಮುಂದುವರಿದದ್ದು, ಬಿಟ್ಟು ಹೋಗುವುದು ಹಿಂದುಳಿದದ್ದು ಅಂತ ಒಂದು ಎಣಿಕೆ ಮನಸ್ಸಿನಲ್ಲಿ ಕೂತಿರುತ್ತದೆ. ಉಭಯವಾಸಿಗಳ ಬಗ್ಗೆ ಓದುತ್ತಾ ಹೋದಷ್ಟೂ ನನಗೆ ಅನ್ನಿಸಿದ್ದು, ಈ ಎಣಿಕೆ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಮೊದಲು ಕೇಳಬೇಕಾದದ್ದು ಮೊಟ್ಟೆ ಎಲ್ಲಿದೆ ಅಂತ. ಅದು ಗೊತ್ತಾದರೆ ಅದಕ್ಕೆ ಏನು ಅಪಾಯ, ಯಾರು ಉಳಿಯಬೇಕು, ಎಷ್ಟು ದಿನ ಉಳಿಯಬೇಕು ಎಲ್ಲವೂ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ.

ಮೊಟ್ಟೆಯಿಂದಲೇ ಶುರು ಮಾಡೋಣ. ಕೋಳಿ ಮೊಟ್ಟೆಗೆ ಗಟ್ಟಿ ಚಿಪ್ಪಿದೆ, ಒಳಗೆ ಪೊರೆಗಳಿವೆ, ಮರಿಗೆ ಬೇಕಾದ ನೀರು ಅದರೊಳಗೇ ಇದೆ. ಕಪ್ಪೆ ಮೊಟ್ಟೆಗೆ ಇದ್ಯಾವುದೂ ಇಲ್ಲ. ನೆನೆಸಿದ ಸಬ್ಬಕ್ಕಿಯ ಹಾಗೆ ಸುತ್ತಲೂ ಬರೀ ಲೋಳೆ. ಒಣಗಿದರೆ ಮುಗಿಯಿತು. ಹಾಗಾಗಿ ಈ ಗುಂಪಿನ ಪ್ರಾಣಿಗಳು ಕಾಲೂರಿ ನೆಲಕ್ಕೆ ಬಂದರೂ ಮೊಟ್ಟೆಗಾಗಿ ಮತ್ತೆ ನೀರಿಗೆ ಹೋಗಬೇಕಾಯಿತು. ಆದರೆ ನೀರು ಸುರಕ್ಷಿತ ಜಾಗವಲ್ಲ. ಮೀನುಗಳಿವೆ. ಏರೋಪ್ಲೇನ್ ಚಿಟ್ಟೆಯ ಮರಿಗಳಿವೆ, ಅವು ಗೊದಮೊಟ್ಟೆಗಳನ್ನು ಹಿಡಿದು ತಿನ್ನುತ್ತವೆ. ಬೇರೆ ಕಪ್ಪೆಗಳ ಗೊದಮೊಟ್ಟೆಗಳೂ ಬಿಡುವುದಿಲ್ಲ. ಬೆಚ್ಚಗಿನ ನಿಂತ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಕೋಟ್ಯಂತರ ವರ್ಷಗಳ ಉದ್ದಕ್ಕೂ ಬೇರೆ ಬೇರೆ ವಂಶದ ಕಪ್ಪೆಗಳು ಮತ್ತೆ ಮತ್ತೆ ಮೊಟ್ಟೆಯನ್ನು ನೀರಿನಿಂದ ಆಚೆಗೆ ಸಾಗಿಸಿದ್ದು ಇದೇ ಕಾರಣಕ್ಕೆ.

ಆಚೆಗೆ ತಂದ ತಕ್ಷಣ ಹೊಸ ತೊಂದರೆ. ಒಣಗುತ್ತದೆ. ಇರುವೆ ಬರುತ್ತದೆ. ಬೂಸ್ಟು ಹಿಡಿಯುತ್ತದೆ. ಇದಕ್ಕೊಂದು ಉಪಾಯ ಬೇಕು, ಅಲ್ವಾ?

ಒಂದು ಉಪಾಯವನ್ನು ಬೆಂಗಳೂರಿನಲ್ಲೇ ನೋಡಬಹುದು. ಬಾತ್‌ರೂಮಿನ ಕಿಟಕಿಯಲ್ಲಿ, ಹೂವಿನ ಕುಂಡದ ಹಿಂದೆ ಕಂದು ಬಣ್ಣದ ಮರಗಪ್ಪೆ ಅಂಟಿಕೊಂಡು ಕೂತಿರುತ್ತದಲ್ಲ, ಅದು ನೊರೆಗೂಡು ಕಟ್ಟುತ್ತದೆ. ಹೆಣ್ಣು ಮೈಯಿಂದ ಒಂದು ದ್ರವ ಬಿಟ್ಟು ಹಿಂಗಾಲಿನಿಂದ ಕಡೆಯುತ್ತದೆ. ಅದು ಬೆಳ್ಳನೆಯ ನೊರೆಯಾಗುತ್ತದೆ. ಮೊಟ್ಟೆ ಆ ನೊರೆಯೊಳಗೆ. ಮೇಲ್ಪದರ ಒಣಗಿ ಗಟ್ಟಿಯಾಗುತ್ತದೆ, ಒಳಗೆ ತೇವ ಹಾಗೇ ಉಳಿಯುತ್ತದೆ. ಗೂಡು ಇರುವುದು ನೀರಿನ ಮೇಲೆ, ತೊಟ್ಟಿಯ ಗೋಡೆಗೋ ಎಲೆಗೋ ಅಂಟಿಕೊಂಡು. ಕೆಲವು ದಿನಗಳಲ್ಲಿ ನೊರೆ ಕರಗಿ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ. ಬಹಳ ಕಷ್ಟಪಟ್ಟು ಗೂಡು ಕಟ್ಟುವ ತಾಯಿ ಆಮೇಲೆ ಅಲ್ಲಿ ನಿಲ್ಲುವುದಿಲ್ಲ. ಅದು ಮಾಡಬೇಕಾದ ಆರೈಕೆಯನ್ನೆಲ್ಲ ಮುಂಚಿತವಾಗಿ ಆ ನೊರೆಯಲ್ಲೇ ಮಾಡಿ ಮುಗಿಸಿರುತ್ತದೆ. ಪಶ್ಚಿಮ ಘಟ್ಟದ ಹಸಿರು ಹಾರುವ ಕಪ್ಪೆಯ ಕಥೆಯೂ ಹೆಚ್ಚುಕಡಿಮೆ ಇದೇ.

ಇನ್ನೊಂದು ಉಪಾಯ ಉತ್ತರ ಕನ್ನಡದ ಕತ್ತಲೆಕಾನಿನಲ್ಲಿದೆ. ರಾಂಪತ್ರೆ ಜಡ್ಡಿಗಳಿರುವ, ಅಂದರೆ ರಾಂಪತ್ರೆ ಮರಗಳು ಬೆಳೆದ ಜೌಗು ನೆಲವಿರುವ ಕಾಡು ಅದು. ಅಲ್ಲಿನ ತೊರೆಗಳಲ್ಲಿರುವ ಒಂದು ಇರುಳುಗಪ್ಪೆಯನ್ನು ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಜಾತಿ ಎಂದು ಹೆಸರಿಸಿದರು. ನಿಕ್ಟಿಬ್ಯಾಟ್ರಾಕಸ್ ಕುಂಬಾರ. ಹೌದು, ನಮ್ಮ ಕುಂಬಾರನೇ. ಜೋಡಿ ನೀರಿನ ಮೇಲೆ ಚಾಚಿದ ಕಡ್ಡಿಗೋ ಬಂಡೆಗೋ ಬರುತ್ತದೆ. ಮುಂಗಾಲೂರಿ ತಲೆಕೆಳಗಾಗಿ ನಿಲ್ಲುತ್ತದೆ. ಹೆಣ್ಣು ಮೊಟ್ಟೆ ಅಂಟಿಸಿ ಹೊರಟು ಹೋಗುತ್ತದೆ. ಗಂಡು ಅಲ್ಲೇ ಉಳಿದು, ತೊರೆಯ ತಳದಿಂದ ಕೈಯಲ್ಲಿ ಕೆಸರು ತಂದು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮೊಟ್ಟೆ ಒಣಗದಿರಲಿ, ಬೇರೆ ಪ್ರಾಣಿಗಳ ಕಣ್ಣಿಗೆ ಬೀಳದಿರಲಿ ಎಂದು ಇರಬೇಕು. ಮೊಟ್ಟೆಗೆ ಮಣ್ಣು ಮೆತ್ತುವ ಇನ್ನೊಂದು ಕಪ್ಪೆ ಆಗ ಜಗತ್ತಿನಲ್ಲೇ ಗೊತ್ತಿರಲಿಲ್ಲ. ನಮ್ಮ ಜೋಗದ ಆಸುಪಾಸಿನ ಕಾಡಿನಲ್ಲಿ ಇಂಥದ್ದೊಂದು ನಡೆಯುತ್ತಿದೆ ಎಂದು ಶಾಲೆಯ ಮಕ್ಕಳಿಗೆಲ್ಲ ಹೇಳಬೇಕು ಅನ್ನಿಸುತ್ತದೆ ನನಗೆ.

ಇದೇ ಇರುಳುಗಪ್ಪೆಗಳ ಗುಂಪಿನಲ್ಲಿ 2016ರಲ್ಲಿ ಎಸ್. ಡಿ. ಬಿಜು ಅವರ ತಂಡ ಇನ್ನೊಂದು ವಿಷಯ ಹೊರಗೆ ತಂದಿತು. ಬಾಂಬೆ ಇರುಳುಗಪ್ಪೆಯ ಗಂಡು ಹೆಣ್ಣನ್ನು ಹಿಡಿದುಕೊಳ್ಳುವುದೇ ಇಲ್ಲ. ಮೇಲೆ ಬಾಗಿ ನಿಂತು ಹೆಣ್ಣಿನ ಬೆನ್ನಿನ ಮೇಲೆ ವೀರ್ಯ ಬಿಟ್ಟು ದೂರ ಸರಿಯುತ್ತದೆ. ಹೆಣ್ಣು ಆಮೇಲೆ ಮೊಟ್ಟೆ ಇಡುತ್ತದೆ. ಬೆನ್ನಿನಿಂದ ಇಳಿದ ವೀರ್ಯ ಮೊಟ್ಟೆಗಳನ್ನು ಸೇರುತ್ತದೆ. ಕಪ್ಪೆಗಳಲ್ಲಿ ಅದುವರೆಗೆ ಗೊತ್ತಿದ್ದದ್ದು ಆರು ಬಗೆಯ ಭಂಗಿ. ಇದು ಏಳನೆಯದು.

ಈಗ ಆ ಹುಡುಗಿಯ ಪ್ರಶ್ನೆ. ಅಪ್ಪನೇ ಯಾಕೆ?

ಹೆಚ್ಚಿನ ಕಪ್ಪೆಗಳಲ್ಲಿ ಮೊಟ್ಟೆ ಫಲಿಸುವುದು ದೇಹದ ಹೊರಗೆ. ಮೊಟ್ಟೆ ಹೊರಗೆ ಬೀಳುತ್ತಿರುವ ಹೊತ್ತಿನಲ್ಲೇ ಗಂಡು ಅಲ್ಲಿರುತ್ತದೆ. ಎಷ್ಟೋ ಜಾತಿಗಳಲ್ಲಿ ಆ ಜಾಗವೂ ಅದರದ್ದೇ. ಕೂಗಿ ಕೂಗಿ ಹೆಣ್ಣನ್ನು ಕರೆದದ್ದು ಅಲ್ಲಿಂದಲೇ. ಹೆಣ್ಣು ತನ್ನ ಮೈಯ ಕಸುವನ್ನೆಲ್ಲ ಮೊಟ್ಟೆಯ ಹಳದಿಗೆ ಹಾಕಿ ಬಳಲಿರುತ್ತದೆ, ಮುಂದಿನ ಸಲ ಮೊಟ್ಟೆ ಇಡಬೇಕಾದರೆ ಹೋಗಿ ತಿನ್ನಲೇಬೇಕು. ಗಂಡಿಗೆ ಅಲ್ಲೇ ಕೂತರೂ ನಷ್ಟ ಕಡಿಮೆ, ಯಾಕೆಂದರೆ ಮೊಟ್ಟೆ ಕಾಯುತ್ತಲೇ ಅದು ಮತ್ತೊಂದು ಹೆಣ್ಣನ್ನೂ ಕರೆಯಬಹುದು, ಅದೇ ಜಾಗದಲ್ಲಿ ಎರಡನೇ ಸಲ ಮೊಟ್ಟೆ ಇಡಿಸಬಹುದು.

ಇದಕ್ಕೆ ಒಳ್ಳೆಯ ಉದಾಹರಣೆ ವಾಟೆ ಬಿದಿರಿನೊಳಗೆ ಬದುಕುವ ಒಂದು ಪುಟ್ಟ ಹಸಿರು ಕಪ್ಪೆ, ರಾವೊರ್ಕೆಸ್ಟಿಸ್ ಚಲಾಜೋಡಿಸ್. ನೂರು ವರ್ಷಕ್ಕೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದೆ, 2011ರಲ್ಲಿ ಮತ್ತೆ ಸಿಕ್ಕಿತು ಎಂದು ಸುದ್ದಿಯಾದ ಕಪ್ಪೆ. ಎರಡು ಗೆಣ್ಣುಗಳ ನಡುವಿನ ಟೊಳ್ಳಿಗೆ ಒಂದು ಸಣ್ಣ ಸೀಳಿನಿಂದ ತೂರಿಕೊಳ್ಳುತ್ತದೆ. ಒಳಗೆ ಬೆರಳೆಣಿಕೆಯಷ್ಟು ಮೊಟ್ಟೆ. ಹೆಣ್ಣು ಹೋದ ಮೇಲೆ ಗಂಡು ಅಲ್ಲೇ ಉಳಿಯುತ್ತದೆ. ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯಿಂದ ನೇರವಾಗಿ ಪುಟಾಣಿ ಕಪ್ಪೆಗಳೇ ಹೊರಬರುತ್ತವೆ. ಕೆ. ಎಸ್. ಶೇಷಾದ್ರಿ ಇದನ್ನು ತಮಿಳುನಾಡಿನ ಕಳಕ್ಕಾಡು ಮುಂಡಂತುರೈ ಕಾಡಿನಲ್ಲಿ ಬಹಳ ತಾಳ್ಮೆಯಿಂದ ನೋಡಿದ್ದಾರೆ. ಅಪ್ಪನನ್ನು ಗೂಡಿನಿಂದ ತೆಗೆದರೆ ಏನಾಗುತ್ತದೆ ಅಂತ ಪರೀಕ್ಷಿಸಿದರು. ಮೊಟ್ಟೆಗಳು ಹೆಚ್ಚಾಗಿ ಉಳಿಯಲಿಲ್ಲ. ತಿಂದದ್ದು ಯಾರು ಗೊತ್ತಾ? ಹಾವಲ್ಲ, ಇರುವೆಯಲ್ಲ. ಮುಖ್ಯವಾಗಿ ಅದೇ ಜಾತಿಯ ಬೇರೆ ಗಂಡುಗಳು. ಟೊಳ್ಳು ಬಿದಿರು ಸುಲಭವಾಗಿ ಸಿಗುವ ವಸ್ತುವಲ್ಲ, ಮೊಟ್ಟೆ ಒಳ್ಳೆಯ ಊಟ. ಅಪ್ಪ ಅಲ್ಲಿ ಕೂರುವುದು ತನ್ನಂಥದ್ದೇ ಇನ್ನೊಂದು ಗಂಡನ್ನು ತಡೆಯಲು. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆರೈಕೆ ಹುಟ್ಟಲು ಶತ್ರು ಹೊರಗಿನಿಂದಲೇ ಬರಬೇಕಾಗಿಲ್ಲ.

ಮೊಟ್ಟೆ ದೇಹದ ಒಳಗೆ ಫಲಿಸಿದರೆ ಲೆಕ್ಕ ತಿರುಗುಮುರುಗು. ಬಾಲವಿರುವ, ನೋಡಲು ಹಲ್ಲಿಯಂಥ ಉಭಯವಾಸಿಗಳಾದ ಸಲಾಮಾಂಡರ್‌ಗಳಲ್ಲಿ ಹೆಚ್ಚಿನವು ಹೀಗೆ. ಗಂಡು ವೀರ್ಯದ ಗಂಟನ್ನು ನೆಲದ ಮೇಲಿಟ್ಟು ಹೋಗುತ್ತದೆ, ಹೆಣ್ಣು ಅದನ್ನು ದೇಹದೊಳಗೆ ತೆಗೆದುಕೊಳ್ಳುತ್ತದೆ. ಮೊಟ್ಟೆ ಇಡುವುದು ಎಷ್ಟೋ ಕಾಲದ ನಂತರ. ಆಗ ಗಂಡು ಎಲ್ಲೋ ಇರುತ್ತದೆ. ಅಲ್ಲಿರುವುದು ತಾಯಿ ಮಾತ್ರ, ಕಾಯುವುದಾದರೆ ಅದೇ ಕಾಯಬೇಕು. ಆದರೆ ಜಪಾನಿನ ದೈತ್ಯ ಸಲಾಮಾಂಡರ್ ಮತ್ತು ಅಮೆರಿಕದ ಹೆಲ್‌ಬೆಂಡರ್‌ಗಳಲ್ಲಿ ಮೊಟ್ಟೆ ಫಲಿಸುವುದು ಹೊರಗೆ. ಅಲ್ಲಿ ಮತ್ತೆ ಗಂಡೇ ಬಿಲದೊಳಗೆ ಕಾವಲು ಕೂರುತ್ತದೆ. ಒಂದೇ ಗುಂಪಿನೊಳಗೆ ನಿಯಮ ಇಷ್ಟು ಚೆನ್ನಾಗಿ ಹೊಂದುವುದನ್ನು ನೋಡಿದರೆ ನಿಜಕ್ಕೂ ಖುಷಿಯಾಗುತ್ತದೆ.

ಕಾಲಿಲ್ಲದ ಉಭಯವಾಸಿಗಳಾದ ಸಿಸಿಲಿಯನ್‌ಗಳಲ್ಲೂ ಫಲಿಸುವುದು ಒಳಗೇ, ಹಾಗಾಗಿ ಕಾಯುವುದು ತಾಯಿ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಣ್ಣು ಅಗೆಯುವಾಗ ಸಿಗುತ್ತವೆ. ನೋಡಿದವರು ಹಾವು ಅಂತಲೋ ದೊಡ್ಡ ಎರೆಹುಳು ಅಂತಲೋ ತಿಳಿಯುತ್ತಾರೆ. ಎಷ್ಟೋ ಸಲ ಹೊಡೆದು ಸಾಯಿಸುತ್ತಾರೆ, ಅದು ಪಾಪದ ಪ್ರಾಣಿ, ವಿಷದ ಹಲ್ಲಿನಿಂದ ಕಚ್ಚಿ ಸಾಯಿಸುವಂಥದ್ದಲ್ಲ, ದಯವಿಟ್ಟು ಬಿಟ್ಟುಬಿಡಿ. ಇಕ್ತಿಯೋಫಿಸ್ ಎಂಬ ಗುಂಪಿನ ತಾಯಿ ಒದ್ದೆ ಮಣ್ಣಿನ ಗೂಡಿನಲ್ಲಿ ಮೊಟ್ಟೆಗಳ ಸುತ್ತ ಸುರುಳಿ ಸುತ್ತಿಕೊಂಡು ಮಲಗುತ್ತದೆ. ಗೆಗೆನಿಯೋಫಿಸ್ ಶೇಷಾಚಾರಿ ಎಂಬ ಪಶ್ಚಿಮ ಘಟ್ಟದ ಇನ್ನೊಂದು ಸಿಸಿಲಿಯನ್ ಮರಿಯನ್ನೇ ಹೆರುತ್ತದೆ ಎಂದು 2008ರಲ್ಲಿ ತಿಳಿಯಿತು. ಏಷ್ಯಾದ ಉಭಯವಾಸಿಗಳಲ್ಲಿ ಮರಿ ಹಾಕುವುದು ಕಂಡುಬಂದದ್ದು ಅದೇ ಮೊದಲು.

ಇವುಗಳ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲೇಬೇಕು. ಕೀನ್ಯಾದ ಟೈಟಾ ಬೆಟ್ಟಗಳ ಒಂದು ಸಿಸಿಲಿಯನ್‌ನಲ್ಲಿ ಮರಿಗಳು ತಾಯಿಯ ಚರ್ಮವನ್ನು ತಿಂದು ಬೆಳೆಯುತ್ತವೆ ಎಂದು 2006ರಲ್ಲಿ ಗೊತ್ತಾಯಿತು. ಕೇಳಲು ಭಯಂಕರ, ಆದರೆ ತಾಯಿ ಸಾಯುವುದಿಲ್ಲ. ಮರಿಗಳಿರುವ ಕಾಲದಲ್ಲಿ ಅದರ ಹೊರಚರ್ಮ ದಪ್ಪವಾಗಿ ಕೊಬ್ಬು ತುಂಬಿಕೊಳ್ಳುತ್ತದೆ. ಮರಿಗಳಿಗೆ ಅದನ್ನು ಕೆರೆದು ತೆಗೆಯಲೆಂದೇ ವಿಶೇಷ ಆಕಾರದ ಹಲ್ಲುಗಳಿರುತ್ತವೆ. ಚರ್ಮ ಮತ್ತೆ ಬೆಳೆಯುತ್ತದೆ, ಮತ್ತೆ ತಿನ್ನುತ್ತವೆ. ಬ್ರೆಜಿಲಿನ ಸೈಫೊನಾಪ್ಸ್ ಆನ್ಯುಲೇಟಸ್ ಎಂಬ ಸಿಸಿಲಿಯನ್‌ನಲ್ಲೂ ಹೀಗೇ. ಅದರಲ್ಲಿ ಇನ್ನೂ ಒಂದು ಸಂಗತಿ 2024ರಲ್ಲಿ ಪ್ರಕಟವಾಯಿತು. ಆ ತಾಯಿ ಮರಿಗಳಿಗೆ ಕೊಬ್ಬು ಮತ್ತು ಸಕ್ಕರೆ ಅಂಶ ಇರುವ, ಹಾಲಿನಂಥ ದ್ರವವನ್ನು ದೇಹದ ಹಿಂಬದಿಯ ದ್ವಾರದಿಂದ ಕುಡಿಸುತ್ತದೆ. ಮರಿಗಳು ಸದ್ದು ಮಾಡಿ, ಮೈ ತಾಗಿಸಿ ಬೇಡುತ್ತವೆ. ಇದು ಮೊಟ್ಟೆ ಇಡುವ ಪ್ರಾಣಿ, ನೆನಪಿರಲಿ. ಹಾಲೂಡಿಸುವುದು ಸಸ್ತನಿಗಳಿಗೆ ಮಾತ್ರ ಸೇರಿದ ಗುಣ ಅಂತ ನಾವೆಲ್ಲ ಶಾಲೆಯಲ್ಲಿ ಬರೆದಿದ್ದೇವೆ. ಮಣ್ಣೊಳಗೆ ಯಾರೂ ನೋಡದ ಕಡೆ ಬೇರೆಯೇ ಒಂದು ವಂಶ ತನ್ನದೇ ದಾರಿಯಲ್ಲಿ ಅದಕ್ಕೆ ಹತ್ತಿರದ ಕೆಲಸ ಮಾಡುತ್ತಿತ್ತು.

ಇದನ್ನೆಲ್ಲ ಒಂದು ಏಣಿಯ ಹಾಗೆ ಜೋಡಿಸುವ ಆಸೆ ಯಾರಿಗಾದರೂ ಬರುತ್ತದೆ. ಮೊದಲು ನೀರಲ್ಲಿ ಮೊಟ್ಟೆ, ಆಮೇಲೆ ದಡದಲ್ಲಿ, ಆಮೇಲೆ ಎಲೆಯ ಮೇಲೆ, ಕೊನೆಗೆ ಗೊದಮೊಟ್ಟೆಯೇ ಇಲ್ಲದೆ ನೆಲದಲ್ಲಿ. ಹಳೆಯ ಪುಸ್ತಕಗಳಲ್ಲಿ ಈ ಕಥೆ ಹೀಗೇ ಸಿಗುತ್ತದೆ. ಆದರೆ 2012ರಲ್ಲಿ 720 ಜಾತಿಯ ಕಪ್ಪೆಗಳ ವಂಶವೃಕ್ಷ ಇಟ್ಟುಕೊಂಡು ಮಾಡಿದ ಅಧ್ಯಯನ ಬೇರೆ ಮಾತು ಹೇಳಿತು. ಕೆಲವು ವಂಶಗಳು ಮೆಟ್ಟಿಲು ಮೆಟ್ಟಿಲಾಗಿ ಬಂದಿವೆ ನಿಜ, ಆದರೆ ಸುಮಾರು ಅಷ್ಟೇ ಸಲ ನೀರಿನಿಂದ ನೇರವಾಗಿ ನೆಲದ ಮೊಟ್ಟೆಗೆ ಜಿಗಿದಿವೆ. ನಡುವಿನ ಮೆಟ್ಟಿಲು ಬೇಕಾಗಲೇ ಇಲ್ಲ. ನೆಲಕ್ಕೆ ಬಂದವುಗಳಲ್ಲಿ ಮೊಟ್ಟೆ ದೊಡ್ಡದು, ಸಂಖ್ಯೆ ಕಡಿಮೆ, ಆರೈಕೆ ಜಾಸ್ತಿ. ಒಂದೊಂದು ಮೊಟ್ಟೆಗೂ ಅಷ್ಟು ಖರ್ಚು ಮಾಡಿದ ಮೇಲೆ ಬಿಟ್ಟು ಹೋಗುವುದು ಕಷ್ಟ.

2019ರಲ್ಲಿ 1300ಕ್ಕೂ ಹೆಚ್ಚು ಉಭಯವಾಸಿಗಳನ್ನು ಹೋಲಿಸಿದ ಇನ್ನೊಂದು ಅಧ್ಯಯನ ಬಂತು. ನನಗೆ ಹೆಚ್ಚು ಹಿಡಿಸಿದ್ದು ಅದು. ಸುಮ್ಮನೆ ಮೊಟ್ಟೆಯ ಪಕ್ಕ ಕೂತು ಕಾಯುವ ಗುಣ ಬೇಗ ಹುಟ್ಟುತ್ತದೆ, ಅಷ್ಟೇ ಬೇಗ ಕಳೆದೂ ಹೋಗುತ್ತದೆ. ಅಂದರೆ ಕಾಯುತ್ತಿದ್ದ ವಂಶದಲ್ಲೇ ಮುಂದೆ ಕಾಯದ ಜಾತಿಗಳು ಬರಬಹುದು, ಅದು ಹಿಂದೆ ಬಿದ್ದಂತೆ ಅಲ್ಲ. ಆದರೆ ದೇಹವೇ ಬದಲಾದ ಕಡೆ, ಮರಿಯನ್ನು ಮೈಯಲ್ಲೇ ಹೊತ್ತು ಬೆಳೆಸುವುದು ಅಥವಾ ಮರಿಯನ್ನೇ ಹೆರುವುದು, ಅಂಥ ಕಡೆ ಹಿಂದಿರುಗುವ ದಾರಿ ಇಲ್ಲವೆನ್ನುವಷ್ಟು ಕಡಿಮೆ. ಅಪ್ಪ ಅಮ್ಮ ಇಬ್ಬರೂ ಸೇರಿ ಸಾಕುವುದಂತೂ ಉಭಯವಾಸಿಗಳಲ್ಲಿ ಹೆಚ್ಚು ಕಾಲ ನಿಲ್ಲುವ ಏರ್ಪಾಡಲ್ಲ.

ಇಬ್ಬರೂ ಸೇರಿ ಸಾಕುವ ಅಪರೂಪದ ಜೋಡಿಯೊಂದು ಪೆರುವಿನಲ್ಲಿದೆ, ರಾನಿಟೊಮೆಯ ಇಮಿಟೇಟರ್ ಎಂಬ ವಿಷಗಪ್ಪೆ. ಗಿಡದ ಎಲೆಯ ಬುಡದಲ್ಲಿ ನಿಂತ ತೀರಾ ಸ್ವಲ್ಪ ನೀರಿಗೆ ಅಪ್ಪ ಗೊದಮೊಟ್ಟೆಗಳನ್ನು ಒಂದೊಂದಾಗಿ ಬೆನ್ನ ಮೇಲೆ ಹೊತ್ತು ಬಿಡುತ್ತದೆ. ಅಷ್ಟು ನೀರಿನಲ್ಲಿ ತಿನ್ನಲು ಏನೂ ಇರುವುದಿಲ್ಲ. ಅಪ್ಪ ಕೂಗಿ ಅಮ್ಮನನ್ನು ಕರೆಯುತ್ತದೆ, ಅಮ್ಮ ಬಂದು ಫಲಿಸದ ಮೊಟ್ಟೆಯನ್ನು ಆ ನೀರಿಗೆ ಇಡುತ್ತದೆ. ಮರಿಗೆ ಅದೇ ಊಟ. ಇದರ ಹತ್ತಿರದ ಸಂಬಂಧಿಯೊಂದು ದೊಡ್ಡ ನೀರಿನ ಗುಂಡಿಗಳನ್ನು ಬಳಸುತ್ತದೆ. ಅಲ್ಲಿ ಆಹಾರ ಇರುತ್ತದೆ, ಹಾಗಾಗಿ ಅಪ್ಪನೊಬ್ಬನೇ ಸಾಕು, ಜೋಡಿ ಒಟ್ಟಿಗೆ ಇರುವುದೂ ಇಲ್ಲ. ನೀರು ಎಷ್ಟಿದೆ ಎನ್ನುವುದರ ಮೇಲೆ ಸಂಸಾರ ನಿಂತಿದೆ.

ಹಿಂದಿರುಗಲಾಗದಷ್ಟು ದೂರ ಹೋದವರದು ಬೇರೆ ಕಥೆ. ಚಿಲಿಯ ಡಾರ್ವಿನ್ ಕಪ್ಪೆಯ ಗಂಡು ಕೂಗುವ ಚೀಲದೊಳಗೇ ಮರಿಗಳನ್ನು ಬೆಳೆಸುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 1973ರಲ್ಲಿ ಹೆಸರು ಪಡೆದ ಒಂದು ಕಪ್ಪೆಯ ತಾಯಿ ಮೊಟ್ಟೆಗಳನ್ನು ನುಂಗಿ ಹೊಟ್ಟೆಯಲ್ಲಿ ಮರಿ ಮಾಡುತ್ತಿತ್ತು. ಜಠರದ ಆಮ್ಲ ನಿಂತುಹೋಗುತ್ತಿತ್ತು, ತಾಯಿ ಊಟ ಬಿಡುತ್ತಿತ್ತು, ಕೊನೆಗೆ ಬಾಯಿಯಿಂದ ಪುಟಾಣಿ ಕಪ್ಪೆಗಳು ಹೊರಬರುತ್ತಿದ್ದವು. ಕಾಡಿನಲ್ಲಿ ಅದನ್ನು ಕೊನೆಯ ಸಲ ನೋಡಿದ್ದು 1981ರಲ್ಲಿ. ಅದರ ಸೋದರ ಜಾತಿ 1984ರಲ್ಲಿ ಸಿಕ್ಕಿತು, 1985ರ ನಂತರ ಕಾಣಲಿಲ್ಲ. ಆಮ್ಲವನ್ನು ಹೇಗೆ ನಿಲ್ಲಿಸುತ್ತದೆ ಎಂದು ಕಲಿಯುತ್ತಿರುವಾಗಲೇ ಕಪ್ಪೆ ಇಲ್ಲವಾಯಿತು. ಇದನ್ನು ಬರೆಯುವಾಗ ಪ್ರತಿ ಸಲವೂ ನನಗೆ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಬೆಂಗಳೂರಿನ ಗುಂಡಿಯ ಕಪ್ಪೆಗಳು ಯಾಕೆ ಬಿಟ್ಟು ಹೋಗುತ್ತವೆ? ಮಳೆಗುಂಡಿಯಲ್ಲಿ ಮೀನಿಲ್ಲ. ಬಿಸಿಲಿಗೆ ನೀರು ಬೆಚ್ಚಗಾಗುತ್ತದೆ, ಪಾಚಿ ಬೆಳೆಯುತ್ತದೆ, ಮರಿಗಳು ಬೇಗ ದೊಡ್ಡವಾಗುತ್ತವೆ. ಇರುವ ದೊಡ್ಡ ಭಯ ಗುಂಡಿ ಒಣಗುವುದು. ಅದನ್ನು ಯಾವ ತಾಯಿಯೂ ಕೂತು ತಡೆಯಲಾಗದು. ಅಂಥ ಕಡೆ ನೂರಾರು, ಸಾವಿರಾರು ಮೊಟ್ಟೆ ಇಟ್ಟು ಹೊರಡುವುದೇ ಸರಿಯಾದ ಲೆಕ್ಕ. ನೆಲಗಪ್ಪೆ, ಮಳೆಗಾಲದಲ್ಲಿ ಹಳದಿಯಾಗುವ ದೊಡ್ಡ ಕಪ್ಪೆ, ರಾಜಾನುಕುಂಟೆ ಕಡೆಯಿಂದ 2020ರಲ್ಲಿ ಬೆಂಗಳೂರಿನ ಹೆಸರನ್ನೇ ಪಡೆದ ಬಿಲಗಪ್ಪೆ, ಇವೆಲ್ಲ ಈ ತೆರೆದ ಬಯಲಿನ ಕಪ್ಪೆಗಳು. ಮಳೆಯನ್ನು ನಂಬಿಕೊಂಡಿವೆ.

ಆ ಬಯಲಿಗೆ ಈಗ ಕಾಂಕ್ರೀಟು ಬಿದ್ದಿದೆ. ಗುಂಡಿ ಮುಚ್ಚಿದರೆ ಇವುಗಳಿಗೆ ಉಳಿಯುವುದು ಕೆರೆ. ಕೆರೆಯಲ್ಲಿ ಮೀನು. ಸೊಳ್ಳೆ ಮರಿ ತಿನ್ನಲಿ ಎಂದು ಬಿಡುವ ಗ್ಯಾಂಬೂಸಿಯಾ ಮೀನು ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ಮೊಟ್ಟೆ ಕಾಯುವ ಅಭ್ಯಾಸವೇ ಇಲ್ಲದ ಕಪ್ಪೆಗೆ ಅಲ್ಲಿ ಯಾವ ದಾರಿಯೂ ಇಲ್ಲ. ಅತ್ತ ಘಟ್ಟದಲ್ಲಿ ಕಾಯುವ ಕಪ್ಪೆಗಳದ್ದು ಇನ್ನೊಂದು ತರದ ಕಷ್ಟ. ವಾಟೆ ಬಿದಿರು ಕಡಿದರೆ ಆ ಅಪ್ಪ ಎಲ್ಲಿ ಕೂರಬೇಕು? ಜಗತ್ತಿನ ಉಭಯವಾಸಿಗಳಲ್ಲಿ ಶೇಕಡಾ 41ರಷ್ಟು ಅಪಾಯದಲ್ಲಿವೆ ಎಂದು 2023ರ ಜಾಗತಿಕ ಸಮೀಕ್ಷೆ ಹೇಳಿದೆ.

ನೀವು ಬೆಂಗಳೂರಿನಲ್ಲಿದ್ದರೆ ಈ ಮಳೆಗಾಲದಲ್ಲಿ ಒಂದು ಕೆಲಸ ಮಾಡಬಹುದು. ಸಂಪಿನ ಗೋಡೆಯಲ್ಲೋ, ಡ್ರಮ್ಮಿನ ಅಂಚಿನಲ್ಲೋ, ಕುಂಡದ ಎಲೆಯಲ್ಲೋ ಬಿಳಿ ನೊರೆ ಅಂಟಿಕೊಂಡಿದ್ದರೆ ತೊಳೆದು ಹಾಕಬೇಡಿ. ಕೆಲಸದವರಿಗೂ ಹೇಳಿ. ಕೆಳಗೆ ನೀರಿಲ್ಲದಿದ್ದರೆ ಒಂದು ಅಗಲವಾದ ಟಬ್ಬಿನಲ್ಲಿ ಮಳೆನೀರು ಇಡಿ, ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನೆರಳಲ್ಲಿರಲಿ. ಮರಿಗಳಿಗೆ ಕಾಲು ಮೂಡಿದ ಮೇಲೆ ಹತ್ತಿ ಹೊರಬರಲು ಒಂದು ಕಲ್ಲನ್ನೋ ಕಡ್ಡಿಯನ್ನೋ ಓರೆಯಾಗಿ ಇಟ್ಟರೆ ಸಾಕು.